ನಾಯಿ ಸಾಕಣೆ: ಅನುಮತಿ ಎಲ್ಲಿಯವರೆಗೆ, ಹೊಣೆ ಎಷ್ಟು?

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಕಡೆಯ ನಮ್ಮ ಮನೆಗಳಲ್ಲಿ ನಾಯಿಯ ವಿಷಯ ಬಂದಾಗ ಎರಡು ಬಗೆಯ ಮಾತು ಕೇಳಿಬರುತ್ತದೆ. ನಾಯಿ ಅಶುದ್ಧ, ಅದನ್ನು ಸಾಕುವುದೇ ಹರಾಮ್ ಎಂಬುದು ಒಂದು ಮಾತು. ಕಾಲ ಬದಲಾಗಿದೆ, ಎಲ್ಲರೂ ಸಾಕುತ್ತಾರೆ, ನಾವೂ ಸಾಕಿದರೆ ತಪ್ಪೇನು ಎಂಬುದು ಇನ್ನೊಂದು ಮಾತು. ಮೊದಲ ಮಾತನ್ನು ಕೇಳಿ ಬೆಳೆದ ಮಕ್ಕಳು ಬೀದಿ ನಾಯಿಗೆ ಕಲ್ಲೆಸೆಯುವುದನ್ನು ಪುಣ್ಯದ ಕೆಲಸವೆಂದು ತಿಳಿಯುತ್ತಾರೆ. ಎರಡನೆಯ ಮಾತು ಆಡುವವರ ಮನೆ ಮುಂದೆ ಸಾವಿರಾರು ರೂಪಾಯಿ ಕೊಟ್ಟು ತಂದ ನಾಯಿಯೊಂದು ಗಿಡ್ಡ ಸರಪಳಿಯಲ್ಲಿ ಹಗಲಿರುಳು ನಿಂತು ಬೊಗಳುತ್ತಿರುತ್ತದೆ. ಇವೆರಡೂ ಇಸ್ಲಾಮ್ ಕಲಿಸಿದ ದಾರಿಗಳಲ್ಲ. ಅಗತ್ಯವಿದ್ದರೆ ನಾಯಿ ಸಾಕಲು ನಮ್ಮ ಧರ್ಮದಲ್ಲಿ ಅನುಮತಿ ಇದೆ. ಆದರೆ ಆ ಅನುಮತಿಯ ಬೆನ್ನಿಗೇ ಹೊಣೆಯೂ ಬರುತ್ತದೆ. ಹೊಣೆ ಹೊರಲಾರದವನು ನಾಯಿಯನ್ನು ಕಟ್ಟಿಕೊಳ್ಳದಿರುವುದೇ ಲೇಸು. ಈ ಪಾಠದಲ್ಲಿ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಕುರ್‌ಆನ್ ಮತ್ತು ಹದೀಸ್‌ಗಳಲ್ಲಿ

ಪವಿತ್ರ ಕುರ್‌ಆನಿನ ಅಲ್‌ಕಹ್ಫ್ ಅಧ್ಯಾಯದಲ್ಲಿ ಗುಹಾವಾಸಿಗಳ ವೃತ್ತಾಂತವಿದೆ. ತಮ್ಮ ವಿಶ್ವಾಸವನ್ನು ಉಳಿಸಿಕೊಳ್ಳಲು ಊರು ಬಿಟ್ಟು ಗುಹೆ ಸೇರಿದ ಆ ಯುವಕರ ಜೊತೆ ಒಂದು ನಾಯಿಯೂ ಇತ್ತು. ಅದು ಗುಹೆಯ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ್ದುದನ್ನು ಅಲ್ಲಾಹನು ಆ ಅಧ್ಯಾಯದ 18ನೆಯ ಸೂಕ್ತದಲ್ಲಿ ಪ್ರಸ್ತಾಪಿಸಿದ್ದಾನೆ. ಗುಹೆಯಲ್ಲಿ ಎಷ್ಟು ಮಂದಿ ಇದ್ದರೆಂದು ಜನರು ಮಾಡುವ ತರ್ಕವನ್ನು 22ನೆಯ ಸೂಕ್ತದಲ್ಲಿ ಹೇಳುವಾಗಲೂ ಪ್ರತಿ ಸಲ ನಾಯಿಯನ್ನು ಸೇರಿಸಿಯೇ ಎಣಿಸಲಾಗಿದೆ. ಅಲ್‌ಮಾಇದಃ ಅಧ್ಯಾಯದ 4ನೆಯ ಸೂಕ್ತದಲ್ಲಿ ತರಬೇತಿ ಕೊಟ್ಟ ಬೇಟೆಪ್ರಾಣಿಗಳು ಹಿಡಿದು ತಂದುದನ್ನು ತಿನ್ನಲು ಅನುಮತಿ ಇದೆ. ಅಲ್‌ಅನ್‌ಆಮ್ ಅಧ್ಯಾಯದ 38ನೆಯ ಸೂಕ್ತವು ನೆಲದ ಮೇಲೆ ನಡೆಯುವ ಪ್ರಾಣಿಗಳೂ ಹಾರುವ ಪಕ್ಷಿಗಳೂ ನಮ್ಮಂತೆಯೇ ಸಮುದಾಯಗಳು ಎಂಬುದನ್ನು ನೆನಪಿಸುತ್ತದೆ.

ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಯ ಹದೀಸ್ ನಮ್ಮ ಮಕ್ಕಳಿಗೆಲ್ಲ ಗೊತ್ತು. ದಾರಿಹೋಕನೊಬ್ಬನು ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೆ ಹತ್ತಿ ನಾಯಿಗೆ ಕುಡಿಸಿದನು. ಅಲ್ಲಾಹನು ಅವನ ಪಾಪಗಳನ್ನು ಕ್ಷಮಿಸಿದನು. ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವಿದೆಯೇ ಎಂದು ಸಹಾಬಿಗಳು ಕೇಳಿದಾಗ, ಜೀವವಿರುವ ಪ್ರತಿಯೊಂದಕ್ಕೂ ಮಾಡಿದ ಉಪಕಾರಕ್ಕೆ ಪ್ರತಿಫಲವಿದೆ ಎಂಬರ್ಥದ ಉತ್ತರವನ್ನು ಪ್ರವಾದಿವರ್ಯರು(ಸ) ಕೊಟ್ಟರು. ಇದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಬೆಕ್ಕನ್ನು ಕೂಡಿಹಾಕಿ, ಅನ್ನವನ್ನೂ ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಕೊಂದ ಸ್ತ್ರೀಯು ನರಕ ಶಿಕ್ಷೆಗೆ ಗುರಿಯಾದ ಹದೀಸ್ ಕೂಡ ಅವೆರಡರಲ್ಲೇ ಇದೆ. ಒಬ್ಬನು ನಾಯಿಯ ಕಾರಣದಿಂದ ಕ್ಷಮೆ ಪಡೆದನು, ಒಬ್ಬಳು ಬೆಕ್ಕಿನ ಕಾರಣದಿಂದ ಶಿಕ್ಷೆಗೆ ಗುರಿಯಾದಳು. ಬೆಕ್ಕು ಶುದ್ಧ ಪ್ರಾಣಿ, ನಾಯಿಯ ಜೊಲ್ಲು ಅಶುದ್ಧ. ಆದರೂ ಅಲ್ಲಾಹನ ಬಳಿ ವಿಚಾರಣೆಯಾದುದು ಮನುಷ್ಯನ ನಡತೆಯದು.

ಅನುಮತಿ ಯಾವುದಕ್ಕೆ?

ಬೇಟೆ, ಜಾನುವಾರುಗಳ ಕಾವಲು ಮತ್ತು ಹೊಲದ ಕಾವಲು, ಈ ಮೂರಕ್ಕಾಗಿ ನಾಯಿ ಸಾಕಲು ಹದೀಸ್‌ನಲ್ಲಿ ಸ್ಪಷ್ಟ ಅನುಮತಿ ಇದೆ. ಇವುಗಳ ಹೊರತು ಸುಮ್ಮನೆ ಸಾಕುವವನ ಸತ್ಕರ್ಮಗಳ ಪ್ರತಿಫಲದಿಂದ ದಿನವೂ ಒಂದು ಕೀರಾತ್, ಇನ್ನೊಂದು ವರದಿಯಂತೆ ಎರಡು ಕೀರಾತ್ ಕಡಿಮೆಯಾಗುತ್ತದೆ ಎಂದು ಎಚ್ಚರಿಸಲಾಗಿದೆ. ಕಳ್ಳಕಾಕರ ಭಯವಿರುವ ಕಡೆ ಮನೆ ಕಾವಲಿಗೂ ಇದೇ ಅನುಮತಿ ಅನ್ವಯಿಸುತ್ತದೆಂದು ಇಮಾಮ್ ನವವಿಯವರಂತಹ ವಿದ್ವಾಂಸರು ಬರೆದಿದ್ದಾರೆ. ಹನಫಿ ವಿದ್ವಾಂಸರೂ ಇದನ್ನು ಒಪ್ಪುತ್ತಾರೆ.

ಈ ಮೂರರಲ್ಲಿ ಬೇಟೆಯ ಬಾಗಿಲು ನಮ್ಮ ನಾಡಿನಲ್ಲಿ ಮುಚ್ಚಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಯಿ ಬಿಟ್ಟು ಜಿಂಕೆ, ಮೊಲ ಹಿಡಿಸುವುದು ಅಪರಾಧ. ಆದ್ದರಿಂದ ಬೇಟೆಯ ಹದೀಸನ್ನು ತೋರಿಸಿ ಕಾಡಿಗೆ ನಾಯಿ ನುಗ್ಗಿಸುವುದು ಸರಿಯಲ್ಲ.

ಜಾನುವಾರು ಮತ್ತು ಹೊಲದ ಕಾವಲಿನ ಅಗತ್ಯವಂತೂ ಇಲ್ಲಿ ನಿಜವಾಗಿಯೂ ಇದೆ. ಯಳಂದೂರಿನ ಪಕ್ಕದಲ್ಲೇ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶವಿದೆ. ಹನೂರು ತಾಲ್ಲೂಕನ್ನು ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳು ಸುತ್ತುವರಿದಿವೆ. ಕಾಡಂಚಿನಲ್ಲಿ ಮೇಕೆ, ಕುರಿ ಸಾಕಿ ಬದುಕುವವನಿಗೆ ಚಿರತೆಯ ಭಯ ದಿನನಿತ್ಯದ್ದು. ಮುಸುಕಿನ ಜೋಳ ಬೆಳೆದವನಿಗೆ ಕಾಡುಹಂದಿಯ ಕಾಟ ತಪ್ಪಿದ್ದಲ್ಲ. ಕತ್ತಲಲ್ಲಿ ಮೊದಲು ವಾಸನೆ ಹಿಡಿದು ಎಚ್ಚರಿಸುವುದು ನಾಯಿಯೇ. ಇಂತಹವನು ನಾಯಿ ಸಾಕಿದರೆ ಅವನನ್ನು ಹೀಯಾಳಿಸುವ ಹಕ್ಕು ಪೇಟೆಯ ನಮಗಿಲ್ಲ.

ಆದರೆ ಕಾಡಂಚಿನವರು ಒಂದು ಸಂಗತಿಯನ್ನು ಗಮನಿಸಬೇಕು. ಚಿರತೆಗೆ ನಾಯಿ ಇಷ್ಟದ ಆಹಾರ. ರಾತ್ರಿ ರೊಪ್ಪದ ಹೊರಗೆ ಗಿಡ್ಡ ಹಗ್ಗದಲ್ಲಿ ಕಟ್ಟಿಹಾಕಿದ ನಾಯಿಗೆ ಓಡಲೂ ಆಗದು, ಹೋರಾಡಲೂ ಆಗದು. ನಮ್ಮ ಮೇಕೆಯ ಪ್ರಾಣ ಉಳಿಸಲು ಇನ್ನೊಂದು ಜೀವವನ್ನು ಬಲಿಗೆ ಕಟ್ಟಿದಂತೆ ಆಗುತ್ತದೆ. ರೊಪ್ಪದ ಪಕ್ಕದಲ್ಲೇ ಕಲ್ಲು ಅಥವಾ ಗಟ್ಟಿ ಜಾಲರಿಯ ಒಂದು ಗೂಡು ಮಾಡಿ ರಾತ್ರಿ ಅದರೊಳಗೆ ಬಿಟ್ಟರೆ ಬೊಗಳಿ ಎಚ್ಚರಿಸುವ ಕೆಲಸವೂ ನಡೆಯುತ್ತದೆ, ನಾಯಿಯೂ ಉಳಿಯುತ್ತದೆ. ಹಿಮಾಲಯದ ಗದ್ದಿ ಕುರಿಗಾಹಿಗಳು ಚಿರತೆ ಕುತ್ತಿಗೆ ಹಿಡಿಯದಂತೆ ತಮ್ಮ ನಾಯಿಗಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕುತ್ತಾರೆ. ಕಾವಲುಗಾರನನ್ನೂ ಕಾಯಬೇಕೆಂಬ ತಿಳಿವಳಿಕೆ ಅವರದು.

ಶುದ್ಧಿಯ ಪ್ರಶ್ನೆ

ನಾಯಿ ಪಾತ್ರೆಗೆ ಬಾಯಿ ಹಾಕಿದರೆ ಅದನ್ನು ಏಳು ಸಲ, ಅದರಲ್ಲಿ ಒಂದು ಸಲ ಮಣ್ಣಿನಿಂದ ತೊಳೆಯಬೇಕೆಂದು ಹದೀಸ್‌ನಲ್ಲಿದೆ. ಇದನ್ನು ಅರ್ಥೈಸುವಲ್ಲಿ ಕರ್ಮಶಾಸ್ತ್ರ ವಿದ್ವಾಂಸರ ನಡುವೆ ವ್ಯತ್ಯಾಸವಿದೆ. ಶಾಫಿಈ ವಿದ್ವಾಂಸರ ಪ್ರಕಾರ ನಾಯಿಯ ಇಡೀ ದೇಹವೇ ಅಶುದ್ಧ. ಒದ್ದೆಯಾಗಿ ತಾಗಿದ ಜಾಗವನ್ನು ಏಳು ಸಲ, ಒಮ್ಮೆ ಮಣ್ಣಿನೊಂದಿಗೆ ತೊಳೆಯಬೇಕು. ಹನಫಿ ಪಂಥದ ಸ್ವೀಕೃತ ಅಭಿಪ್ರಾಯದಂತೆ ಅಶುದ್ಧವಾಗಿರುವುದು ಅದರ ಜೊಲ್ಲು. ಮೂರು ಸಲ ತೊಳೆಯುವುದು ಕಡ್ಡಾಯ, ಏಳು ಸಲ ಉತ್ತಮ. ನಾಯಿಯ ಒಣ ಮೈ ಬಟ್ಟೆಗೆ ತಾಗಿದ ಮಾತ್ರಕ್ಕೆ ಬಟ್ಟೆ ಕೆಡುವುದಿಲ್ಲ. ಮಾಲಿಕಿ ವಿದ್ವಾಂಸರಂತೂ ನಾಯಿಯನ್ನು ಅಶುದ್ಧವೆಂದೇ ಹೇಳುವುದಿಲ್ಲ. ಪಾತ್ರೆ ತೊಳೆಯುವುದನ್ನು ಅವರು ಆಜ್ಞಾಪಾಲನೆಯಾಗಿ ಕಾಣುತ್ತಾರೆ. ಪ್ರತಿಯೊಬ್ಬರೂ ತಾವು ಅನುಸರಿಸುವ ಪಂಥದಂತೆ ನಡೆದರೆ ಸಾಕು, ಜಗಳಕ್ಕೆ ಕಾರಣವಿಲ್ಲ.

ನಾಯಿ ಇರುವ ಮನೆಗೆ ಮಲಕ್‌ಗಳು ಪ್ರವೇಶಿಸುವುದಿಲ್ಲ ಎಂಬ ಹದೀಸ್ ಇದೆ. ಅನುಮತಿ ಇರುವ ಕಾವಲು ನಾಯಿಗೆ ಇದು ಅನ್ವಯಿಸದು ಎಂದು ಇಮಾಮ್ ಖತ್ತಾಬಿಯವರು ಹೇಳಿದರೆ, ಎಲ್ಲ ನಾಯಿಗಳಿಗೂ ಅನ್ವಯಿಸುತ್ತದೆ ಎಂಬ ಕಡೆಗೆ ಇಮಾಮ್ ನವವಿಯವರ ಒಲವು. ಎಚ್ಚರಿಕೆಯ ದಾರಿ ಸುಲಭವಾಗಿದೆ. ನಾಯಿಯ ಗೂಡು ಅಂಗಳದಲ್ಲಿರಲಿ, ಅದರ ಪಾತ್ರೆ ಬೇರೆಯೇ ಇರಲಿ, ನಮಾಝ್‌ನ ಬಟ್ಟೆಯೂ ಚಾಪೆಯೂ ಅದಕ್ಕೆ ಸಿಗದಂತಿರಲಿ. ಶುದ್ಧಿಯ ನಿಯಮ ನಮಗೆ ತೊಳೆಯಲು ಕಲಿಸುತ್ತದೆ. ಹೊಡೆಯಲು ಕಲಿಸುವ ನಿಯಮ ಯಾವ ಕಿತಾಬಿನಲ್ಲೂ ಇಲ್ಲ.

ದಿನದಿನದ ಹೊಣೆ

ಬೆನ್ನು ಹೊಟ್ಟೆಗೆ ಅಂಟಿಕೊಂಡಿದ್ದ ಒಂಟೆಯನ್ನು ಕಂಡಾಗ ಪ್ರವಾದಿವರ್ಯರು(ಸ) ಈ ಮೂಕ ಪ್ರಾಣಿಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಬೇಕೆಂದು ಬೋಧಿಸಿದರು (ಅಬೂದಾವೂದ್). ಹಿಜರಿ 660ರಲ್ಲಿ ನಿಧನರಾದ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಮ್ ಎಂಬ ಮಹಾವಿದ್ವಾಂಸರು ಪ್ರಾಣಿಗಳಿಗೆ ಮಾಲಿಕನ ಮೇಲಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಮುದಿಯಾಗಿ ಅಥವಾ ರೋಗಿಯಾಗಿ ಉಪಯೋಗಕ್ಕೆ ಬಾರದ ಪ್ರಾಣಿಗೂ ಮಾಲಿಕನು ಖರ್ಚು ಮಾಡಬೇಕು, ಹೊರಲಾರದಷ್ಟನ್ನು ಹೊರಿಸಬಾರದು, ಅದಕ್ಕೆ ಹಾನಿ ಮಾಡುವುದರ ಜೊತೆ ಕೂಡಿಹಾಕಬಾರದು ಎಂಬುದು ಆ ಪಟ್ಟಿಯಲ್ಲಿದೆ.

ಇದನ್ನು ನಾಯಿಗೆ ಅನ್ವಯಿಸಿ ನೋಡಿ. ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಜೀವ. ಮಗ ಹಠ ಮಾಡಿದನೆಂದು ತಂದ ಮರಿಯ ಹೊಣೆ, ಮಗ ಕಾಲೇಜಿಗೆ ಮೈಸೂರಿಗೆ ಹೋದ ಮೇಲೂ ಮನೆಯವರ ಮೇಲಿರುತ್ತದೆ. ಬೇಸಿಗೆಯಲ್ಲಿ ನಾಯಿ ನಮ್ಮಂತೆ ಮೈಯೆಲ್ಲ ಬೆವರಿ ತಂಪಾಗುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು. ನೆರಳೂ ಸದಾ ನೀರೂ ಇಲ್ಲದೆ ತಗಡಿನ ಕೆಳಗೆ ಕಟ್ಟಿಹಾಕಿದರೆ ಅದು ಶಿಕ್ಷೆಯೇ ಆಗುತ್ತದೆ. ರಾಗಿ ಮುದ್ದೆ, ಅನ್ನ, ಮೊಟ್ಟೆ, ಉಪ್ಪು ಖಾರ ಹಾಕದೆ ಬೇಯಿಸಿದ ಮಾಂಸ ಇವೆಲ್ಲ ಅದಕ್ಕೆ ಆಗುತ್ತವೆ. ಆದರೆ ದಾವತ್ ಮುಗಿದ ಮೇಲೆ ಬಿರಿಯಾನಿಯ ಉಳಿಕೆಯನ್ನೆಲ್ಲ ಸುರಿಯುವುದು ಉಪಕಾರವಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ. ಬೆಂದ ಕೋಳಿ ಮೂಳೆ ಚೂಪಾಗಿ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಚಾಕೊಲೇಟ್, ದ್ರಾಕ್ಷಿಯೂ ಅಪಾಯವೇ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟುವುದು, ಸದಾ ಕಟ್ಟಿಟ್ಟ ನಾಯಿಯನ್ನು ಓಡಾಡಿಸದಿರುವುದು, ಅನ್ನ ನೀರು ಆಸರೆ ಕೊಡದಿರುವುದು, ಕಾರಣವಿಲ್ಲದೆ ಬಿಟ್ಟುಬಿಡುವುದು ಇವೆಲ್ಲ ಅಪರಾಧ.

ಮರಿಗಳ ವಿಷಯ ಇನ್ನೂ ಗಂಭೀರ. ಹೆಣ್ಣು ನಾಯಿ ಗರ್ಭ ಧರಿಸಿ ಸುಮಾರು 63 ದಿನಗಳಲ್ಲಿ ಒಮ್ಮೆಗೇ ಹಲವು ಮರಿ ಹಾಕುತ್ತದೆ. ಹೆಣ್ಣು ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಸಂತೆಮಾಳದಲ್ಲೋ ಕೆರೆ ಏರಿಯಲ್ಲೋ ಬಿಟ್ಟು ಬರುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಹಸಿವಿನಿಂದ ಸಾಯದೆ ಉಳಿದವು ನಾಳೆ ಬೀದಿ ನಾಯಿಗಳಾಗಿ ಇನ್ನೊಬ್ಬರ ಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತವೆ. ಬೀದಿ ನಾಯಿಗಳ ಕಾಟವೆಂದು ಪುರಸಭೆಯನ್ನೂ ಪಂಚಾಯಿತಿಯನ್ನೂ ದೂರುವ ಮೊದಲು ಅವುಗಳಲ್ಲಿ ಎಷ್ಟು ಯಾರದೋ ಅಂಗಳದಿಂದ ಬಂದವು ಎಂದು ಯೋಚಿಸಬೇಕು. ಮರಿಗಳು ಬೇಡವೆಂದಾದರೆ ಪಶುವೈದ್ಯರಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸುವುದು ಬಿಟ್ಟುಬರುವುದಕ್ಕಿಂತ ಎಷ್ಟೋ ಮೇಲು. ಇದರ ಮಸ್‌ಅಲಾ ಕೇಳಬೇಕೆನಿಸಿದರೆ ನಿಮ್ಮ ಆಲಿಮರನ್ನು ಕೇಳಿ. ಹಾನಿ ತಡೆಯುವಂತಹ ಪ್ರಯೋಜನವಿದ್ದರೆ ಪ್ರಾಣಿಗಳಲ್ಲಿ ಇದನ್ನು ಮಾಡಿಸಬಹುದೆಂದು ಹನಫಿ ಕಿತಾಬುಗಳಲ್ಲಿದೆ.

ಮಟನ್ ಅಂಗಡಿ ಮತ್ತು ಬಕ್ರೀದ್

ಇದು ವಿಶೇಷವಾಗಿ ನಮ್ಮವರೇ ತಿಳಿಯಬೇಕಾದ ವಿಷಯ. ಕುರಿಯ ಈಲಿ ಮತ್ತು ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಕಾಣುತ್ತವೆ. ಕಡಿಯುವವರು ಅದನ್ನು ಕಿತ್ತು ಬಾಗಿಲಲ್ಲಿ ಕಾದು ನಿಂತ ನಾಯಿಗೆ ಎಸೆಯುವುದುಂಟು. ಆ ಗುಳ್ಳೆಯೊಳಗೆ ಒಂದು ಜಾತಿಯ ಲಾಡಿಹುಳುವಿನ ಮರಿಗಳಿರುತ್ತವೆ. ನಾಯಿಯ ಕರುಳಿನಲ್ಲಿ ಅವು ಬೆಳೆದು ಮೊಟ್ಟೆ ಇಡುತ್ತವೆ. ಮೊಟ್ಟೆಗಳು ನಾಯಿಯ ಮಲದ ಮೂಲಕ ಹುಲ್ಲಿಗೆ, ಸೊಪ್ಪಿಗೆ, ಮಕ್ಕಳ ಕೈಗೆ ಸೇರುತ್ತವೆ. ಮನುಷ್ಯನ ಹೊಟ್ಟೆ ಸೇರಿದರೆ ಅವನ ಈಲಿಯಲ್ಲೋ ಶ್ವಾಸಕೋಶದಲ್ಲೋ ಅಂತಹದೇ ಗುಳ್ಳೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಎಷ್ಟೋ ಸಲ ಆಪರೇಷನ್ ಮಾಡಿಯೇ ತೆಗೆಯಬೇಕಾಗುತ್ತದೆ. ವೈದ್ಯರು ಇದನ್ನು ಹೈಡಾಟಿಡ್ ರೋಗ ಎನ್ನುತ್ತಾರೆ.

ಆದ್ದರಿಂದ ಹಸಿ ಈಲಿ, ಶ್ವಾಸಕೋಶ, ಕರುಳುಗಳನ್ನು ನಾಯಿಗೆ ಎಸೆಯಬಾರದು. ಕುರ್ಬಾನಿಯ ದಿನ ತ್ಯಾಜ್ಯವನ್ನು ನಾಯಿಗಳು ಕೆದಕಲಾಗದಷ್ಟು ಆಳದ ಗುಂಡಿಯಲ್ಲಿ ಹೂಳಬೇಕು. ಸಾಕಿದ ನಾಯಿಗೆ ಪಶುವೈದ್ಯರು ಹೇಳಿದ ಅವಧಿಗೊಮ್ಮೆ ಜಂತುಹುಳುವಿನ ಔಷಧಿ ಕೊಡಿಸಬೇಕು. ನಾಯಿ ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯದೆ ಊಟಕ್ಕೆ ಕೂರಬಾರದು. ಧರ್ಮ ಹೇಳಿದ ಶುದ್ಧಿಯೂ ವೈದ್ಯರು ಹೇಳುವ ಶುಚಿತ್ವವೂ ಇಲ್ಲಿ ಒಂದೇ ಕಡೆ ಬಂದು ಸೇರುತ್ತವೆ.

ಕಚ್ಚಿದಾಗ ಮುಚ್ಚಿಡಬೇಡಿ

ಹುಚ್ಚುನಾಯಿ ರೋಗ ಅಂದರೆ ರೇಬೀಸ್‌ನಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನಮ್ಮ ದೇಶದಲ್ಲೇ. ಕಡಿತಕ್ಕೆ ಒಳಗಾಗುವವರಲ್ಲಿ ಸುಮಾರು ನೂರಕ್ಕೆ ನಲವತ್ತು ಮಂದಿ 15 ವರ್ಷದೊಳಗಿನ ಮಕ್ಕಳು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಲಕ್ಷಣ ಕಾಣುವ ಮೊದಲೇ ಸರಿಯಾಗಿ ಲಸಿಕೆ ಹಾಕಿಸಿದರೆ ಪ್ರಾಣ ಉಳಿಯುತ್ತದೆ.

ಇಲ್ಲೊಂದು ಮಾತನ್ನು ತಾಯಂದಿರಿಗೂ ಮದ್ರಸದ ಉಸ್ತಾದರಿಗೂ ವಿನಂತಿಸಿ ಹೇಳಬೇಕಾಗಿದೆ. ನಾಯಿ ಮುಟ್ಟಿದೆಯಾ, ನಾಪಾಕ್ ಆಗಿ ಬಂದೆಯಾ ಎಂದು ಗದರಿಸಿಕೊಂಡೇ ಬೆಳೆದ ಮಗುವು ನಾಯಿಯ ಹಲ್ಲು ತಾಗಿದಾಗ ಮನೆಯಲ್ಲಿ ಹೇಳುವುದಿಲ್ಲ. ಪ್ಯಾಂಟಿನೊಳಗೆ ಗಾಯ ಮುಚ್ಚಿಕೊಳ್ಳುತ್ತದೆ. ಗಾಯ ಒಂದು ವಾರದಲ್ಲಿ ಒಣಗುತ್ತದೆ, ಎಲ್ಲರೂ ಮರೆಯುತ್ತಾರೆ. ರೋಗ ಸಾಮಾನ್ಯವಾಗಿ ಎರಡು ಮೂರು ತಿಂಗಳ ನಂತರ ತಲೆ ಎತ್ತುತ್ತದೆ. ಆಗ ಯಾವ ಆಸ್ಪತ್ರೆಗೆ ಓಡಿದರೂ ಫಲವಿಲ್ಲ. ಬಟ್ಟೆ ಅಶುದ್ಧವಾದರೆ ಒಂದು ಬಕೆಟ್ ನೀರು ಸಾಕು. ಗದರಿಕೆಗೆ ಹೆದರಿ ಮುಚ್ಚಿಟ್ಟ ಕಡಿತಕ್ಕೆ ಮಗುವಿನ ಪ್ರಾಣವೇ ಬೆಲೆಯಾಗಬಹುದು. ಆದುದರಿಂದ ಇಂದೇ ಮಕ್ಕಳನ್ನು ಕೂರಿಸಿಕೊಂಡು ಹೇಳಿ: ನಾಯಿ ಕಚ್ಚಿದರೂ ಪರಚಿದರೂ ಗಾಯ ನೆಕ್ಕಿದರೂ ಕೂಡಲೇ ಬಂದು ಹೇಳಬೇಕು, ಯಾರೂ ಬೈಯುವುದಿಲ್ಲ.

ಕಚ್ಚಿದ ತಕ್ಷಣ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನ ಪುಡಿ, ಕಾಫಿಪುಡಿ ಯಾವುದನ್ನೂ ಹಚ್ಚಬಾರದು. ಅಂದೇ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಲಸಿಕೆ ಉಚಿತ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7, 14 ಮತ್ತು 28ನೆಯ ದಿನ, ಹೀಗೆ ಐದು ಸಲ ಹಾಕುತ್ತಾರೆ. ಚರ್ಮಕ್ಕೆ ಕೊಡುವ ಕ್ರಮದಲ್ಲಿ 14ನೆಯ ದಿನದ್ದು ಇರುವುದಿಲ್ಲ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಎಂಬ ಔಷಧಿಯನ್ನೂ ಕೊಡುತ್ತಾರೆ, ಅದನ್ನು ಕೇಳಿ ಪಡೆಯಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ಹಿರಿಯರಲ್ಲಿ ಇನ್ನೂ ಇದೆ. ಆ ಹಳೆಯ ಲಸಿಕೆ ನಿಂತು ಎಷ್ಟೋ ವರ್ಷಗಳಾದವು. ಈಗ ತೋಳಿಗೇ ಕೊಡುತ್ತಾರೆ. ಎರಡು ಇಂಜೆಕ್ಷನ್ ಆದ ಮೇಲೆ ಗಾಯ ವಾಸಿಯಾಯಿತೆಂದು ನಿಲ್ಲಿಸಬಾರದು.

ದಮ್ ಹಾಕಿಸಿ, ತಾವೀಝ್ ಕಟ್ಟಿಸಿ ಸುಮ್ಮನಾಗುವವರೂ ಇದ್ದಾರೆ. ದುಆ ಮಾಡಲೇಬೇಕು. ಆದರೆ ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಕಲಿಸಿದ ಪ್ರವಾದಿವರ್ಯರ(ಸ) ಅನುಯಾಯಿಗಳು ನಾವು. ಆಸ್ಪತ್ರೆಗೆ ಹೋಗುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ನಾಯಿ ಸಾಕಿದವನ ಪಾಲಿನ ಕೆಲಸ ಇದಕ್ಕಿಂತ ಮೊದಲೇ ಶುರುವಾಗುತ್ತದೆ. ಮರಿಗೆ ಆರರಿಂದ ಎಂಟು ವಾರವಾದಾಗ ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಅನಂತರ ವೈದ್ಯರು ಹೇಳಿದಂತೆ ಮರುಲಸಿಕೆ ಮತ್ತು ವರ್ಷಕ್ಕೊಮ್ಮೆ ತಪ್ಪದೆ ರೇಬೀಸ್ ಲಸಿಕೆ ಹಾಕಿಸಬೇಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ನಡೆಯುವುದುಂಟು. ಲಸಿಕೆ ಹಾಕಿಸದ ನಾಯಿಯನ್ನು ಬೀದಿಗೆ ಬಿಡುವವನು ನೆರೆಯವನ ಮಗುವಿನ ಪ್ರಾಣದೊಂದಿಗೆ ಆಟವಾಡುತ್ತಾನೆ.

ನೆರೆಯವನ ಹಕ್ಕು, ಕಾಡಿನ ಹಕ್ಕು

ನೆರೆಯವನಿಗೆ ತನ್ನಿಂದ ಕೇಡಿಲ್ಲವೆಂಬ ನೆಮ್ಮದಿ ಇಲ್ಲದಿದ್ದರೆ ಒಬ್ಬನ ವಿಶ್ವಾಸ ಪೂರ್ಣವಲ್ಲವೆಂದು ಹದೀಸ್‌ಗಳು ಎಚ್ಚರಿಸುತ್ತವೆ. ರಾತ್ರಿಯಿಡೀ ಬೊಗಳಿ ರೋಗಿಯ ನಿದ್ದೆ ಕೆಡಿಸುವ, ಪಕ್ಕದ ಮನೆಯ ಬಾಗಿಲಲ್ಲಿ ಗಲೀಜು ಮಾಡುವ, ಫಜರ್‌ಗೆ ಮಸೀದಿಗೆ ಹೊರಟ ವೃದ್ಧರ ಮೇಲೆ ಎರಗುವ ನಾಯಿಯ ಲೆಕ್ಕ ಅದರ ಮಾಲಿಕನದು. ಕಾನೂನಿನಲ್ಲೂ ಹಾಗೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಸೆಕ್ಷನ್ ಪ್ರಕಾರ, ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಸಿಟ್ಟಿಗೆ ವಿಷವಿಡುವ ಕೆಟ್ಟ ಚಾಳಿಯ ಬಗ್ಗೆಯೂ ಹೇಳಬೇಕು. 2025ರ ಜೂನ್ ಕೊನೆಯಲ್ಲಿ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷ ಹಾಕಿದ್ದ ಹಸುವಿನ ಕಳೇಬರ ತಿಂದು ಸತ್ತವು. ಹಸು ಕಳೆದುಕೊಂಡ ನೋವು ಸಣ್ಣದಲ್ಲ. ಆದರೆ ವಿಷಕ್ಕೆ ಕಣ್ಣಿಲ್ಲ. ಅದು ಹುಲಿಯನ್ನೂ ನಾಯಿಯನ್ನೂ ನರಿಯನ್ನೂ ಹದ್ದನ್ನೂ ಒಂದೇ ರೀತಿ ಕೊಲ್ಲುತ್ತದೆ. ಕಚ್ಚುವ ನಾಯಿಯ ಕಾಟವಿದ್ದರೆ ಪುರಸಭೆ, ಪಟ್ಟಣ ಪಂಚಾಯಿತಿ ಅಥವಾ ಗ್ರಾಮ ಪಂಚಾಯಿತಿಗೆ ಬರೆದುಕೊಡಬೇಕು. ಹಾಗೆಯೇ ಸಾಕಿದ ನಾಯಿ ಕಾಡಿಗೆ ನುಗ್ಗದಂತೆಯೂ ನೋಡಿಕೊಳ್ಳಬೇಕು. ಅದು ಜಿಂಕೆಮರಿಯನ್ನು ಅಟ್ಟುವುದಷ್ಟೇ ಅಲ್ಲ, ಡಿಸ್ಟೆಂಪರ್‌ನಂತಹ ರೋಗವನ್ನು ಸೀಳುನಾಯಿ, ಚಿರತೆಗಳಿಗೆ ಅಂಟಿಸಬಲ್ಲದು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಸಿಂಹಗಳು ಸತ್ತಾಗ ಹಲವು ಸಿಂಹಗಳಲ್ಲಿ ಇದೇ ರೋಗದ ವೈರಸ್ ಕಂಡುಬಂದಿತ್ತು.

ಮನೆಯಲ್ಲಿ ಕುಳಿತು ಮಾತಾಡಲು

ಪ್ರಿಯ ಓದುಗರೇ, ಮಗ್ರಿಬ್ ನಂತರ ಮನೆಮಂದಿಯೆಲ್ಲ ಕುಳಿತು ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ.

1. ನಮಗೆ ನಾಯಿಯ ಅಗತ್ಯ ನಿಜವಾಗಿಯೂ ಇದೆಯೇ, ಅಥವಾ ಇನ್ನೊಬ್ಬರನ್ನು ನೋಡಿ ಹುಟ್ಟಿದ ಆಸೆಯೇ?

2. ಹತ್ತು ಹನ್ನೆರಡು ವರ್ಷ ಅದಕ್ಕೆ ಅನ್ನ, ನೀರು, ಆಸರೆ, ಲಸಿಕೆ ಕೊಡುವವರು ನಮ್ಮಲ್ಲಿ ಯಾರು?

3. ಅದು ಮರಿ ಹಾಕಿದರೆ, ಮುದಿಯಾದರೆ ಏನು ಮಾಡುತ್ತೇವೆ?

4. ನಾಯಿ ಕಚ್ಚಿದರೆ ಹೆದರದೆ ಬಂದು ಹೇಳುವಷ್ಟು ಸಲುಗೆ ನಮ್ಮ ಮಕ್ಕಳಿಗೆ ನಮ್ಮಲ್ಲಿದೆಯೇ?

5. ನಾಯಿ ಸಾಕದ ಮನೆಯವರಾದರೆ, ಬೇಸಿಗೆಯಲ್ಲಿ ಗೇಟಿನ ಹೊರಗೆ ಒಂದು ಮಣ್ಣಿನ ಬಟ್ಟಲಲ್ಲಿ ನೀರಿಡಲು ನಮಗೇನು ಅಡ್ಡಿ?

ಕೊನೆಯ ಪ್ರಶ್ನೆ ಎಲ್ಲರಿಗೂ ಸೇರಿದ್ದು. ನಾಯಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದವನಿಗೂ ಅದಕ್ಕೆ ನೀರು ಕೊಟ್ಟು ಪ್ರತಿಫಲ ಗಳಿಸುವ ಅವಕಾಶವನ್ನು ಅಲ್ಲಾಹನು ತೆರೆದಿಟ್ಟಿದ್ದಾನೆ. ಮಾತು ಬಾರದ ಜೀವಗಳ ವಿಷಯದಲ್ಲಿ ತನ್ನನ್ನು ಭಯಪಟ್ಟು ನಡೆಯುವವರಲ್ಲಿ ಅವನು ನಮ್ಮನ್ನೂ ನಮ್ಮ ಮಕ್ಕಳನ್ನೂ ಸೇರಿಸಲಿ. ಆಮೀನ್.